ಹಾಲಮ್ಮನ ಅಂಗಳದ ಪಿನಿಯನ್

ಹೋದ ತಿಂಗಳು ಸವಳಂಗಕ್ಕೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ರಸ್ತೆ ಪಕ್ಕದ ಶೆಡ್ಡಿನಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಮಣ್ಣು ಅಗೆಯುವ ಯಂತ್ರವೊಂದರ ಗೇರ್ ಪೆಟ್ಟಿಗೆ ಬಿಚ್ಚಿ ಹಳೇ ಎಣ್ಣೆಯನ್ನು ಬಾಣಲೆಗೆ ಇಳಿಸುತ್ತಿದ್ದರು. ಸುಟ್ಟ ಗೇರ್ ಎಣ್ಣೆಯ ವಾಸನೆಯನ್ನು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ಕೆಟ್ಟ ಮೊಟ್ಟೆಯನ್ನೂ ಸೀದ ಬೆಲ್ಲವನ್ನೂ ಒಟ್ಟಿಗೆ ಮೂಸಿದ ಹಾಗೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ರಸ್ತೆ ಬದಿಯಲ್ಲೇ ಕೂತುಬಿಟ್ಟೆ. ಜೊತೆಗಿದ್ದ ನೆಂಟರು ಬಿಸಿಲು ತಾಗಿತೆಂದು ಮಜ್ಜಿಗೆ ತರಿಸಿದರು. ಬಿಸಿಲು ಹೌದು, ಆದರೆ ಅದು ಈ ವರ್ಷದ್ದಲ್ಲ. ಜಗಳೂರಿನ ಕಡೆ ಕೆರೆ ಏರಿಯ ಮೇಲೆ ಕಳೆದ ಒಂದು ಬೇಸಿಗೆಯದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚನ್ನಗಿರಿಯ ಒಬ್ಬ ಕಂಟ್ರಾಕ್ಟರರ ಹತ್ತಿರ ಕೆಲಸಕ್ಕಿದ್ದೆ. ಅವರನ್ನು ಎಲ್ಲರೂ ಧಣಿ ಅನ್ನುತ್ತಿದ್ದರು, ಇಲ್ಲಿಯೂ ಹಾಗೇ ಇರಲಿ. ಅವರ ಹತ್ತಿರ ಚೈನಿನ ಮೇಲೆ ಓಡುವ ಒಂದು ಹಳೇ ಬುಲ್ಡೋಜರ್ ಇತ್ತು. ಹೊರದೇಶದ್ದು. ಅದರ ಹೊಟ್ಟೆಗೆ ಬೇಕಾದ ಬಿಡಿಭಾಗಗಳನ್ನು ಹುಡುಕಿ ತರುವುದೇ ನನ್ನ ಕಸುಬು. ನನ್ನ ಹೆಸರು ಬಸವರಾಜ, ಆದರೆ ಹೊನ್ನಾಳಿಯಿಂದ ಜಗಳೂರಿನವರೆಗೆ ಗ್ಯಾರೇಜಿನವರೆಲ್ಲ ‘ಸ್ಪೇರ್ ಬಸಣ್ಣ’ ಎಂದೇ ಕರೆಯುತ್ತಿದ್ದರು. ಹೆಂಡತಿ ಮನೆಯವರೂ ಹಾಗೇ ಕರೆಯತೊಡಗಿದಾಗ ಮಾತ್ರ ಸ್ವಲ್ಪ ಬೇಜಾರಾಯಿತು.

ಹೊಸ ಪಾರ್ಟು ಎಂಬುದು ಆಗ ಕನಸಿನ ಮಾತು. ಹಡಗಿನಲ್ಲಿ ಬರಬೇಕು, ಅದಕ್ಕೆ ಪರವಾನಗಿ ಬೇಕು, ಅದು ಬರುವಷ್ಟರಲ್ಲಿ ಕೆಲಸವೇ ಮುಗಿದಿರುತ್ತಿತ್ತು. ಉಳಿದದ್ದು ಎರಡು ದಾರಿ. ಒಂದು, ಯಾವುದೋ ಲೇತಿನಲ್ಲಿ ತಿರುಗಿಸಿ ಹಳದಿ ಬಣ್ಣ ಬಳಿದ ಡೂಪ್ಲಿಕೇಟ್ ಮಾಲು. ಇನ್ನೊಂದು, ಎಲ್ಲೋ ಸತ್ತು ಬಿದ್ದ ಅದೇ ಜಾತಿಯ ಗಾಡಿಯಿಂದ ಬಿಚ್ಚಿದ ಕಂಪನಿ ಮಾಲು. ಸವೆದಿದ್ದರೂ ಕಂಪನಿ ಮಾಲೇ ಮಾಲು. ಅರ ಹಾಕಿ ಉಜ್ಜಿದರೆ ಅರವೇ ಜಾರಬೇಕು, ಗೇರಿನ ಹಲ್ಲಿಗೆ ಗೀರು ಬೀಳಬಾರದು. ಸ್ಪ್ಯಾನರಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಎಳೆಯಬೇಕು. ಡೂಪ್ಲಿಕೇಟು ‘ಟಕ್’ ಅಂದು ಸುಮ್ಮನಾಗುತ್ತದೆ. ಪಾರ್ಟಿನ ತುದಿಯಲ್ಲಿ ಕಂಪನಿಯವರು ಕೊರೆದ ನಂಬರ್ ಇರಬೇಕು. ಇಷ್ಟನ್ನೂ ನೋಡದೆ ನಾನು ಒಂದು ನಟ್ಟನ್ನೂ ಕೊಂಡವನಲ್ಲ. ಈ ವಿಷಯದಲ್ಲಿ ನನಗೆ ಜಂಬವೇ ಇತ್ತು.

ಸತ್ತ ಗಾಡಿಯ ಪಾರ್ಟು ಕೊಳ್ಳುವಾಗ ಆಪರೇಟರುಗಳ ನಡುವೆ ಒಂದು ಕಟ್ಟಳೆ ಇತ್ತು. ಯಾರು ಶುರು ಮಾಡಿದರೋ ತಿಳಿಯದು. ಗಾಡಿ ಹೇಗೆ ಸತ್ತಿತು ಎಂದು ಮೊದಲು ಕೇಳಬೇಕು, ಮಾರುವವನು ನಿಜ ಹೇಳಬೇಕು. ಅದು ಮನುಷ್ಯನನ್ನು ತೆಗೆದುಕೊಂಡ ಗಾಡಿಯಾದರೆ ಪಾರ್ಟನ್ನು ಸುಮ್ಮನೆ ಹೊತ್ತು ತರುವ ಹಾಗಿಲ್ಲ. ಸತ್ತವನ ಮನೆಯ ಹೆಂಗಸು ಅದನ್ನು ಬಟ್ಟೆಯಲ್ಲಿ ಸುತ್ತಿ, ಇನ್ನು ಮೇಲೆ ಗಾಡಿಯ ಮೇಲೆ ಕೂರುವವನ ಕೈಗೇ ಕೊಡಬೇಕು. ಆಮೇಲೆ ಅವನು ಅದನ್ನು ಕಣ್ಣೆತ್ತಿ ನೋಡಬಾರದು. ಗಾಡಿಯೊಳಗೆ ಕೂರಿಸಿ ಮುಚ್ಚಳ ಬಿಗಿಯುವ ತನಕ ಬೆನ್ನು ತಿರುಗಿಸಿ ನಿಂತಿರಬೇಕು. ಮಣ್ಣು ಮಾಡಿ ಬರುವವರು ಹಿಂದೆ ತಿರುಗಿ ನೋಡುವುದಿಲ್ಲವಲ್ಲ, ಅದೇ ಲೆಕ್ಕ. ನಾನು ಇದನ್ನೆಲ್ಲ ಕೇಳಿ ನಗುತ್ತಿದ್ದೆ. ಆದರೆ ಗಾಡಿಯ ಮೇಲೆ ಕೂರುವವನು ನಾನಲ್ಲ, ಹಾಗಾಗಿ ನಗುವನ್ನು ಒಳಗೇ ಇಟ್ಟುಕೊಳ್ಳುತ್ತಿದ್ದೆ.

ನಮ್ಮ ಗಾಡಿಯ ಆಪರೇಟರ್ ಸೋಮ್ಲಾ ನಾಯ್ಕ. ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದವನು. ಮಾತು ಕಡಿಮೆ, ಬೀಡಿ ಜಾಸ್ತಿ. ಆ ಬೇಸಿಗೆಯಲ್ಲಿ ನಮಗೆ ಜಗಳೂರಿನ ಕಡೆ ಒಂದು ದೊಡ್ಡ ಕೆರೆಯ ಏರಿ ಎತ್ತರಿಸುವ ಕೆಲಸ ಸಿಕ್ಕಿತ್ತು. ಹಿಂದಿನ ಮಳೆಗಾಲದಲ್ಲಿ ಏರಿ ಒಡೆದು ಕೆಳಗಿನ ಕೇರಿಗೆ ನೀರು ನುಗ್ಗಿತ್ತಂತೆ. ಮಳೆ ಬೀಳುವುದರೊಳಗೆ ಮುಗಿಸಬೇಕೆಂದು ಇಂಜಿನಿಯರು ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ತಲೆ ತಿನ್ನುತ್ತಿದ್ದರು. ಕೆರೆಯೊಳಗೆ ಒಂದು ಹನಿ ನೀರಿರಲಿಲ್ಲ. ಬಿರುಕು ಬಿಟ್ಟ ಒಣ ಹೂಳು, ಜಾಲಿಮರಗಳು, ಬಿಸಿಗಾಳಿ. ಹಗಲು ಕಬ್ಬಿಣ ಮುಟ್ಟಿದರೆ ಅಂಗೈ ಚುರ್ ಅನ್ನುತ್ತಿತ್ತು. ಸೋಮ್ಲಾ ಒದ್ದೆ ಗೋಣಿಚೀಲವನ್ನು ಸೀಟಿನ ಮೇಲೆ ಹಾಸಿಕೊಂಡು ಏರಿಯ ಇಳಿಜಾರಿನಲ್ಲಿ ಮೇಲೆ ಕೆಳಗೆ ಮಣ್ಣು ತುಳಿಸುತ್ತಿದ್ದ.

ಏಪ್ರಿಲ್ ಹೊತ್ತಿಗೆ ಗಾಡಿಯ ಬಲಗಡೆಯಿಂದ ಕಟಕಟ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ ಪಿನಿಯನ್ನಿನ ಹಲ್ಲು ಹೋಗಿದ್ದವು. ಪಿನಿಯನ್ ಅಂದರೆ ಹಲ್ಲುಗಳಿರುವ ಮೊಳದುದ್ದದ ಉಕ್ಕಿನ ದಂಡ, ಬದಿಗೊಂದರಂತೆ ಎರಡಿರುತ್ತವೆ, ಯಾವುದನ್ನು ಯಾವ ಬದಿಗಾದರೂ ಹಾಕಬಹುದು. ಎಂಜಿನ್ನಿನ ಶಕ್ತಿ ಚೈನಿಗೆ ಹೋಗುವುದು ಅದರಿಂದಲೇ, ಬ್ರೇಕಿನ ಹಿಡಿತ ಚೈನಿಗೆ ತಲುಪುವುದೂ ಅದರಿಂದಲೇ. ಸಮತಟ್ಟು ನೆಲದಲ್ಲಿ ಮುರಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಮುರಿದರೆ ಆ ಬದಿಗೆ ಬ್ರೇಕೇ ಇರುವುದಿಲ್ಲ. ಗಾಡಿ ಒಂದು ಕಡೆಗೆ ಗಿರ್ರನೆ ತಿರುಗಿ ಉರುಳುತ್ತದೆ.

“ಕಂಪನಿ ಪಿನಿಯನ್ ತಂದ್ಕೊಡ್ರಿ ಬಸಣ್ಣಾರೆ, ಏರಿ ಹತ್ತುತೀನಿ. ಡೂಪ್ಲಿಕೇಟ್ ಹಾಕಿದ್ರೆ ಬ್ಯಾರೆ ಯಾರನ್ನಾರ ಕುಂದ್ರಿಸ್ಕಳ್ರಿ,” ಅಂದ ಸೋಮ್ಲಾ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಬ್ಯಾಗು ಹೆಗಲಿಗೆ ಹಾಕಿ ಬಸ್ಸು ಹತ್ತಿದೆ. ಚನ್ನಗಿರಿಯ ಗ್ಯಾರೇಜುಗಳಲ್ಲಿ ವಿಚಾರಿಸಿದೆ, ಇಲ್ಲ. ತ್ಯಾವಣಿಗೆಯಲ್ಲಿ ಯಾರೋ ನಾಲೆ ಕೆಲಸದ ಕಾಲದ ಗಾಡಿ ಇಟ್ಟುಕೊಂಡಿದ್ದಾರೆ ಅಂದರು, ಹೋಗಿ ನೋಡಿದರೆ ಅದನ್ನು ಆಗಲೇ ಗ್ಯಾಸ್ ಕಟ್ಟರಿನಲ್ಲಿ ಕೊಯ್ದು ಮಾರಿದ್ದರು. ಕೊನೆಗೆ ಹೊನ್ನಾಳಿಯಲ್ಲಿ ಗುಜರಿ ಬಾಷಾನ ಅಂಗಡಿಗೆ ಹೋದೆ. ಬಾಷಾ ನನ್ನನ್ನು ನೋಡಿದ ಕೂಡಲೇ ಚಾ ತರಿಸಿ, ಗೋಣಿಚೀಲದಿಂದ ಮಿರಮಿರ ಮಿಂಚುವ ಹಳದಿ ಪಿನಿಯನ್ ತೆಗೆದು ಮೇಜಿನ ಮೇಲಿಟ್ಟ. ನಾನು ಜೇಬಿನಿಂದ ಅರ ತೆಗೆದದ್ದು ನೋಡಿ ಅವನೇ ಅದನ್ನು ಮತ್ತೆ ಚೀಲಕ್ಕೆ ಹಾಕಿದ.

“ಅರ ಯಾಕ್ ತೆಗೀತೀರಿ ಬಸಣ್ಣ, ಚಾ ಕುಡೀರಿ. ನಿಮಗೆ ತೋರ್ಸಿದ್ದು ಸುಮ್ನೆ ಮರ್ಯಾದಿಗೆ.”

“ಬಾಷಾ, ಮದುವೆ ಹೆಣ್ಣಿಗೂ ಇಷ್ಟು ಅರಿಶಿಣ ಬಳಿಯಲ್ಲ ಕಣಯ್ಯಾ.”

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: “ಸವಳಂಗದ ಹತ್ರ ಒಂದು ಹಳ್ಳೀಲಿ ನಿಮ್ಮ ಗಾಡಿ ಜಾತೀದೇ ಒಂದು ಐತೆ. ಎಡಗಡೆ ಎಲ್ಲಾ ಸರಿ ಐತೆ. ಆದ್ರೆ ಮನುಷ್ಯನ್ನ ತಗಂಡ ಗಾಡಿ. ಹಾಲಮ್ಮ ಅಂತ, ಅವರ ಯಜಮಾನ್ರೇ ಹೋಗಿದ್ದು. ನಾನೇ ಕೇಳಾಕೆ ಹೋಗಿದ್ದೆ, ನಂಗೆ ಕೊಡ್ಲಿಲ್ಲ. ಗುಜರಿಗೆ ಹಾಕೋರಿಗೆ ಕೊಡಲ್ಲ ಅಂದ್ರು.”

ಹಾಲಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರಿನ ಅಂಚಿನಲ್ಲಿ ಹೆಂಚಿನ ಮನೆ, ಅಂಗಳದ ಅರ್ಧವನ್ನು ನುಂಗಿ ನಿಂತ ತುಕ್ಕು ಹಿಡಿದ ಬುಲ್ಡೋಜರ್. ಅದರ ಮುಂದಿನ ಬ್ಲೇಡಿನ ಮೇಲೆ ಸೀರೆ ಒಣಹಾಕಿದ್ದರು, ಕೆಳಗೆ ಕೋಳಿಗಳು ನೆರಳಿಗೆ ಕೂತಿದ್ದವು. ಹಾಲಮ್ಮನಿಗೆ ನಲವತ್ತರ ಆಸುಪಾಸು. ನನ್ನನ್ನು ಕೂರಿಸಿ ನೀರು ಬೆಲ್ಲ ಕೊಟ್ಟು, ನಾನು ಕೇಳುವ ಮೊದಲೇ ಶುರು ಮಾಡಿದರು.

“ಗಾಡಿ ಹೆಂಗೆ ಸತ್ತಿತು ಅಂತ ತಾನೇ ಕೇಳ್ತೀರಿ? ನಾಲೆ ದಂಡೆ ಕುಸೀತು. ಮಣ್ಣಿನ ಜತೆ ಇದೂ ಹೋತು, ನಮ್ಮನೇರೂ ಹೋದ್ರು. ಆ ಕಂಟ್ರಾಕ್ಟರು ಅವರ ಹೆಣಾನ ಒಂದಿನ ತಂದ, ಇದನ್ನ ಒಂದಿನ ಎಳಸ್ಕಂಡು ಬಂದ. ಇದ್ರಲ್ಲಿ ನಿಮ್ಮ ಜೀವನ ಆಗ್ತತೆ ತಾಯಿ ಅಂದು ನಿಲ್ಲಿಸಿ ಹೋದ. ಬ್ಯಾಡ ಅಂದ್ರೂ ಕೇಳ್ಲಿಲ್ಲ.”

ಅವರು ಅಳುತ್ತ ಹೇಳಲಿಲ್ಲ. ಅಕ್ಕಿ ಆರಿಸುತ್ತ ಹೇಳಿದರು. ನನಗೆ ಆ ಕಂಟ್ರಾಕ್ಟರನ ಮೇಲೆ ಮೈಯೆಲ್ಲ ಉರಿಯಿತು. ಗಂಡನ ಬದಲಿಗೆ ಗಂಡನನ್ನು ಕೊಂದ ಕಬ್ಬಿಣವನ್ನು ಬಾಗಿಲಲ್ಲಿ ನಿಲ್ಲಿಸಿ ಹೋಗಲು ಎಂಥ ಎದೆ ಬೇಕು!

ಎಡಗಡೆಯ ಪೆಟ್ಟಿಗೆ ಬಿಚ್ಚಿ ನೋಡಿದೆ. ಎಣ್ಣೆಯಲ್ಲಿ ಮುಳುಗಿದ್ದರಿಂದ ಪಿನಿಯನ್ನಿಗೆ ಒಂದು ಚೂರೂ ತುಕ್ಕು ಹಿಡಿದಿರಲಿಲ್ಲ. ಹಲ್ಲುಗಳು ನೀಲಿ ಮಿಂಚುತ್ತಿದ್ದವು. ತುದಿಯಲ್ಲಿ ಕಂಪನಿ ನಂಬರು, ತಟ್ಟಿದರೆ ಗಂಟೆ. ಇಷ್ಟು ದಿನ ಅಲೆದದ್ದಕ್ಕೆ ಸಾರ್ಥಕವಾಯಿತು ಅನ್ನಿಸಿತು.

“ಗಾಡಿ ಮ್ಯಾಲೆ ಕುಂದ್ರೋರು ಯಾರು?” ಹಾಲಮ್ಮ ಕೇಳಿದರು. “ಅವರನ್ನ ಕರ್ಕಂಬರ್ರಿ. ಮನೇಲಿ ಹೆಂಗಸ್ರು ಇದ್ರೆ ಅವರನ್ನೂ ಕರ್ಕಂಬರ್ರಿ. ನಿಮ್ ಕೈಗೆ ಕೊಡಲ್ಲ.”

ಸೋಮ್ಲಾ ಬಂದ. ಅವನ ಹೆಂಡತಿ ಕಮ್ಲಿಬಾಯಿಯೂ ಬಂದಳು, ತಾಂಡಾ ಅಲ್ಲಿಂದ ದೂರವಿರಲಿಲ್ಲ. ಕಮ್ಲಿಗೆ ಈ ವ್ಯವಹಾರ ಚೂರೂ ಇಷ್ಟವಿರಲಿಲ್ಲ. ಅಂಗಳದ ಬೇಲಿ ಹತ್ತಿರವೇ ನಿಂತುಬಿಟ್ಟಳು. ಗಂಡ ಕರೆದರೂ ಒಳಗೆ ಬರಲಿಲ್ಲ.

“ಸತ್ತೋರ ಸಾಮಾನು ನಮಗೆ ಬ್ಯಾಡ. ಕೆಲ್ಸ ಹೋದ್ರೆ ಹೋಗ್ಲಿ,” ಅಂದಳು.

ಹಾಲಮ್ಮನೇ ಎದ್ದು ಹೋಗಿ ಅವಳ ಕೈ ಹಿಡಿದು ಕರೆತಂದರು. “ತಂಗೀ, ನಾನೂ ನಿನ್ನಂಗೆ ಅಂದ್ಕಂಡಿದ್ದೆ. ಈ ಗಾಡಿ ಮಖ ನೋಡಾಕೂ ಆಗ್ತಿರಲಿಲ್ಲ. ಆಮೇಲೆ ಜತೆಗಿದ್ದ ಹುಡುಗ ಬಂದು ಹೇಳಿದ. ದಂಡೆ ಕುಸಿಯಾಕೆ ಹತ್ತಿದಾಗ ಬ್ರೇಕು ಹಿಡಿದೇ ಇತ್ತಂತೆ. ಗಾಡಿ ಜಾರ್ಲಿಲ್ಲ, ಕಾಲಾಗಿನ ಮಣ್ಣೇ ಹೋತು ಅಂದ. ಈ ಕಬ್ಬಿಣ ಕಡೇತನಕ ಅವರ ಕೈ ಬಿಡ್ಲಿಲ್ಲ. ಅದಕ್ಕೇ ಕೊಡ್ತಿದೀನಿ. ನಿನ್ ಗಂಡನ್ ಕೈನೂ ಬಿಡಲ್ಲ, ನನ್ ಮಾತು ನಂಬು.”

ಕಮ್ಲಿ ಗಂಡನ ಕಡೆ ತಿರುಗಿ ಆಗಲಿ ಎಂದು ತಲೆ ಆಡಿಸಿದಳು. ಹಾಲಮ್ಮ ಪಿನಿಯನ್ನನ್ನು ಒಗೆದ ಬಿಳಿ ಪಂಚೆಯಲ್ಲಿ ಸುತ್ತಿ, ದಾರ ಬಿಗಿದು, ಎರಡೂ ಕೈಯಲ್ಲಿ ಎತ್ತಿ ಸೋಮ್ಲಾನ ಕೈಗಿಟ್ಟರು. ಅವನು ಅದನ್ನು ಹಣೆಗೆ ಒತ್ತಿಕೊಂಡ. ನಗುವವನಾದ ನಾನು ಆವತ್ತು ನಗಲಿಲ್ಲ. ನನ್ನ ಕಣ್ಣೂ ತೇವವಾಗಿತ್ತು.

ಪಿನಿಯನ್ನಿಗೆ ಬೇರಿಂಗ್ ಕೂರಿಸಬೇಕಿತ್ತು. ಅದನ್ನು ಒತ್ತಿ ಕೂರಿಸುವ ಪ್ರೆಸ್ ಇದ್ದದ್ದು ಚನ್ನಗಿರಿಯಲ್ಲಿ, ಧಣಿಯ ಶೆಡ್ಡಿನಲ್ಲಿ. ಸೋಮ್ಲಾ ಗಂಟನ್ನು ಹಾಗೇ ಹೊತ್ತು ತಂದು ಅಲ್ಲಿ ಇಳಿಸಿ ಜಗಳೂರಿಗೆ ಹೋದ. ಧಣಿ ನನ್ನ ಬೆನ್ನು ತಟ್ಟಿ, “ಬಸಣ್ಣ, ಆಯಿಲ್ ಸೀಲು ಬೇಕಲ್ಲ, ದಾವಣಗೆರೆಗೆ ಹೋಗಿಬಾ. ಬೇರಿಂಗು ಕೂರಿಸಿ ನಾನೇ ಫಿಟ್ಟರ್ ಕೈಲಿ ಕಳಿಸ್ತೀನಿ,” ಅಂದರು. ನಾನು ಹೋದೆ. ಸೀಲು ಅಂದರೆ ಎಣ್ಣೆ ಸೋರದಂತೆ ಹಾಕುವ ರಬ್ಬರ್ ಬಳೆ. ಒಂದು ಸಿಕ್ಕಿದರೆ ಇನ್ನೊಂದು ಸಿಗಲಿಲ್ಲ, ಅಂಗಡಿ ಅಂಗಡಿ ಸುತ್ತಿದೆ. ನಾನು ಸೀಲು ಹಿಡಿದು ಕೆರೆಗೆ ಬರುವಷ್ಟರಲ್ಲಿ ಫಿಟ್ಟರು ಹಳೇ ಸೀಲನ್ನೇ ಹಾಕಿ ಪಿನಿಯನ್ ಕೂರಿಸಿ ಮುಚ್ಚಳ ಬಿಗಿದು ಹೋಗಿದ್ದ. ಇಷ್ಟೇನು ಅವಸರ ಅಂತ ನಾನು ರೇಗಿದೆ. ಇಂಜಿನಿಯರು ಬೆಳಿಗ್ಗೆ ಬಂದು ಗದ್ದಲ ಮಾಡಿ ಹೋದರು ಅಂದ ಸೋಮ್ಲಾ. ಫಿಟ್ಟರು ಕೆಲಸ ಮಾಡುವಷ್ಟು ಹೊತ್ತೂ ಅವನು ಕಟ್ಟಳೆಯ ಪ್ರಕಾರ ಜಾಲಿಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದನಂತೆ. ಫಿಟ್ಟರು ಗಂಟಿನ ಜತೆ ತಂದ ಆ ಬಿಳಿ ಪಂಚೆಯನ್ನು ಮಡಿಸಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದ.

ಗಾಡಿ ಮತ್ತೆ ಏರಿ ಹತ್ತಿತು. ಸೋಮ್ಲಾ ಮೊದಲಿಗಿಂತ ಧೈರ್ಯವಾಗಿ ಓಡಿಸತೊಡಗಿದ. ಮೊದಲೆಲ್ಲ ಇಳಿಜಾರಿನ ಅಂಚಿಗೆ ಬಂದಾಗ ಒಂದು ಕಾಲು ಯಾವಾಗಲೂ ಹೊರಗಿಟ್ಟು, ಹಾರಲು ತಯಾರಾಗಿ ಕೂರುತ್ತಿದ್ದ. ಈಗ ಎರಡೂ ಕಾಲು ಒಳಗಿದ್ದವು. ನಾನು ಅದನ್ನು ಗಮನಿಸಿ ಕೇಳಿದಾಗ, “ಹಾಲಮ್ಮಾರು ಮಾತು ಕೊಟ್ಟಾರಲ್ರಿ,” ಅಂದು ಬೀಡಿ ಹಚ್ಚಿದ.

ಮೋಡ ಕಟ್ಟಲು ಶುರುವಾಗಿತ್ತು. ಏರಿಯ ಕೆಲಸ ಇನ್ನೇನು ಮುಗಿಯುವುದರಲ್ಲಿತ್ತು. ಒಂದು ಮಧ್ಯಾಹ್ನ ನಾನು ಡೀಸೆಲ್ ಡ್ರಮ್ಮು ಇಳಿಸುತ್ತಿದ್ದೆ. ಗಾಡಿ ಕೆರೆಯೊಳಗಿನ ಇಳಿಜಾರಿನಲ್ಲಿ ಕೆಳಮುಖವಾಗಿ ಬರುತ್ತಿತ್ತು. ಒಣ ಕಟ್ಟಿಗೆ ಮುರಿದಂಥ ಒಂದು ಸದ್ದು ಕೇಳಿತು. ಗಾಡಿ ಎಡಕ್ಕೆ ಗಿರ್ರನೆ ತಿರುಗಿತು. ಕೆಳಗಿದ್ದ ಕೂಲಿಯವರು, “ಹಾರೋ, ಹಾರೋ,” ಎಂದು ಕೂಗಿದರು. ಹಾರಲು ಸಮಯವಿತ್ತು. ಸೋಮ್ಲಾ ಹಾರಲಿಲ್ಲ. ಬಲಗಾಲಿನಲ್ಲಿ ಬ್ರೇಕನ್ನು ಒತ್ತಿ ಹಿಡಿದು, ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು ಕೂತೇ ಇದ್ದ. ಗಾಡಿ ಅಡ್ಡವಾಗಿ, ಮಗುಚಿ, ಕೆರೆಯ ಅಂಗಳಕ್ಕೆ ಬಿತ್ತು. ನಾವು ಓಡಿ ಹೋಗಿ ನೋಡಿದಾಗಲೂ ಆ ಕಾಲು ಪೆಡಲ್ಲಿನ ಮೇಲೇ ಇತ್ತು. ಒಡೆದ ಪೆಟ್ಟಿಗೆಯಿಂದ ಬಿಸಿ ಗೇರ್ ಎಣ್ಣೆ ಸುರಿದು ಅವನ ಮೈಮೇಲೆಲ್ಲ ಹರಿದಿತ್ತು. ಆ ವಾಸನೆಯನ್ನೇ ನಾನು ಹೋದ ತಿಂಗಳು ಸವಳಂಗದಲ್ಲಿ ಮೂಸಿದ್ದು.

ಪೊಲೀಸರು ಬಂದು ಹೋಗಿ, ತಾಂಡಾದಲ್ಲಿ ಸೋಮ್ಲಾನ ಮಣ್ಣು ಮುಗಿದ ಮೇಲೆ ನಾನು ಪೆಟ್ಟಿಗೆಯೊಳಗೆ ಕೈ ಹಾಕಿದೆ. ಪಿನಿಯನ್ ಎರಡು ತುಂಡಾಗಿತ್ತು. ಮುರಿದ ಜಾಗ ಹರಳುಪ್ಪಿನ ಹಾಗೆ ದಪ್ಪ ದಪ್ಪ ಕಾಳು. ಮೈಮೇಲೆ ಲೇತಿನ ಗೆರೆಗಳು. ತುದಿಯಲ್ಲಿ ನಂಬರಿಲ್ಲ. ಹಲ್ಲಿನ ಸಂದಿಯಲ್ಲಿ ಒಂದಿಷ್ಟು ಹಳದಿ ಬಣ್ಣ ಇನ್ನೂ ಉಳಿದಿತ್ತು. ಹಾಲಮ್ಮ ಕೊಟ್ಟ ಪಿನಿಯನ್ ಅದಾಗಿರಲಿಲ್ಲ.

ನಾನು ಆ ತುಂಡುಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು ನೇರ ಚನ್ನಗಿರಿಗೆ ಹೋದೆ. ಧಣಿ ಮನೆಯ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಚೀಲವನ್ನು ಅವರ ಕಾಲ ಬುಡದಲ್ಲಿ ಕುಕ್ಕಿದೆ. ಅವರು ಅದನ್ನು ಬಿಚ್ಚಿ ನೋಡಲೂ ಇಲ್ಲ.

“ಬೀಗರು ಬಂದು ಕುಂತಿದ್ರು ಬಸಣ್ಣ,” ಅಂದರು ನೆಲ ನೋಡುತ್ತ. “ಹೊನ್ನಾಳೀಲಿ ಅವರದೂ ಇದೇ ಗಾಡಿ, ಇದೇ ಪಾರ್ಟು ಹೋಗಿ ಹೊಳೆ ದಂಡೆ ಕೆಲ್ಸ ನಿಂತಿತ್ತು. ನಿಮ್ ಹತ್ರ ಐತಂತಲ್ಲ ಕೊಡ್ರಿ ಅಂದ್ರು. ಮಗಳನ್ನ ಕೊಟ್ಟು ಇನ್ನೂ ವರ್ಷ ತುಂಬಿಲ್ಲ. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ನಮ್ದು ಸ್ವಲ್ಪ ಕೆಲ್ಸ ಉಳಿದಿತ್ತು, ಅಷ್ಟಕ್ಕೆ ಡೂಪ್ಲಿಕೇಟು ತಡೀತೈತೆ ಅಂದ್ಕಂಡೆ.”

“ಸೋಮ್ಲಾಗೆ ಒಂದು ಮಾತು ಹೇಳಬಹುದಿತ್ತಲ್ಲ? ಹೇಳಿದ್ದರೆ ಅವನು ಹಾರುತ್ತಿದ್ದ!”

“ಹೇಳಿದ್ರೆ ಏರಿ ಹತ್ತುತ್ತಿದ್ನೇನೋ ಅವನು?”

ಬಾಯಿಗೆ ಬಂದದ್ದು ಅಂದೆ. ಅವರ ಹೆಂಡತಿ ಒಳಗಿನಿಂದ ಬಂದು ನೋಡುವಷ್ಟು ಜೋರಾಗಿ ಅಂದೆ. ಅವತ್ತಿಗೆ ಅವರ ಹತ್ತಿರ ನನ್ನ ಕೆಲಸವೂ ಮುಗಿಯಿತು. ಆದರೆ ಧಣಿ ನನಗಿಂತ ಮುಂದೆ ಹೋಗಿದ್ದರು. ಸೋಮ್ಲಾನ ಮಣ್ಣಿಗೆ ಹೋಗಿದ್ದ ದಿನವೇ ತಾಂಡಾದ ಹಿರಿಯರ ಮುಂದೆ, “ಮನುಷ್ಯನ್ನ ತಗಂಡ ಗಾಡಿ ಪಾರ್ಟು ಹಾಕ್ಸಿದ್ದೇ ತಪ್ಪಾತು, ನಾನು ಬ್ಯಾಡ ಅಂದಿದ್ದೆ,” ಎಂದು ಹೇಳಿ ಹೋಗಿದ್ದರಂತೆ. ಎಲ್ಲರೂ ಅದನ್ನು ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಗಂಟು ಬಂದದ್ದು ಹಾಲಮ್ಮನ ಅಂಗಳದಿಂದ, ಅದನ್ನು ಕಣ್ಣಾರೆ ಕಂಡವಳು ಕಮ್ಲಿ. ಬದಲಾಯಿಸಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಚೀಲ ಹೊತ್ತು ತಾಂಡಾಕ್ಕೆ ಹೋದೆ. ಕಮ್ಲಿ ಮನೆಯಲ್ಲಿರಲಿಲ್ಲ. ಬೆಳಿಗ್ಗೆಯೇ ಎದ್ದು ಆ ಹೆಂಗಸಿನ ಊರಿಗೆ ನಡೆದುಹೋದಳು ಎಂದರು ನೆರೆಯವರು. ಸಿಕ್ಕಿದ ಎತ್ತಿನ ಗಾಡಿ ಹತ್ತಿ ಹಿಂದೆಯೇ ಹೋದೆ. ದಾರಿಯುದ್ದಕ್ಕೂ ಮೊದಲ ಮಳೆ ಹನಿಯುತ್ತಿತ್ತು. ನಮ್ಮ ಏರಿಗೆ ಈ ಮಳೆ ತಾಗಿದರೆ ಏನಾಗುತ್ತದೋ ಎಂದು ಅಭ್ಯಾಸ ಬಲದಿಂದ ಒಮ್ಮೆ ಯೋಚಿಸಿದೆ, ನನ್ನ ಮೇಲೇ ಅಸಹ್ಯವಾಯಿತು.

ಹಾಲಮ್ಮನ ಅಂಗಳದಲ್ಲಿ ಅವರಿಬ್ಬರೂ ನೆಲದ ಮೇಲೆ ಎದುರುಬದುರು ಕೂತಿದ್ದರು. ಕೂಗಾಟ ಇರಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಮ್ಲಿ ಹಣೆ, ಕೈ ಎಲ್ಲ ಬರಿದಾಗಿ ಗುರುತೇ ಸಿಗದಂತೆ ಆಗಿದ್ದಳು.

“ನಾ ಬ್ಯಾಡ ಅಂದಿದ್ದೆ ಅಕ್ಕಾ. ನೀ ಕೈ ಹಿಡಿದು ಕರಕಂಡು ಬಂದಿ,” ಎನ್ನುತ್ತಿದ್ದಳು. ಮತ್ತೆ ಮತ್ತೆ ಅದೇ ಮಾತು.

ಹಾಲಮ್ಮ ತಲೆ ತಗ್ಗಿಸಿ, “ಹೌದವ್ವಾ, ನಾನೇ ಕರಕಂಡು ಬಂದೆ. ನನ್ ಕೈಯಾಗಿಂದೇ ಕೊಟ್ಟೆ,” ಎನ್ನುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಚೀಲ ಬಿಚ್ಚಿ ತುಂಡುಗಳನ್ನು ಅವರ ನಡುವೆ ಇಟ್ಟೆ. ಇದು ನಿಮ್ಮದಲ್ಲ ಹಾಲಮ್ಮ, ಇದಕ್ಕೆ ನಂಬರಿಲ್ಲ, ಇದು ಡೂಪ್ಲಿಕೇಟು, ನಿಮ್ಮದನ್ನು ಧಣಿ ಬೀಗರಿಗೆ ಕೊಟ್ಟರು, ಸೋಮ್ಲಾ ಬೆನ್ನು ತಿರುಗಿಸಿ ನಿಂತಿದ್ದಾಗ ಇದನ್ನು ಹಾಕಿದರು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹಾಲಮ್ಮನಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

“ಈಗ ನಂದಲ್ಲ ಅಂದ್ರೆ ಏನಾತು ಬಸಣ್ಣಾರೆ? ಆ ಮನುಷ್ಯ ಬ್ರೇಕು ನಂಬಿದ್ದು ಯಾರ ಮಾತಿಂದ? ಕೈ ಬಿಡಲ್ಲ ಅಂತ ಹೇಳಿದಾಕಿ ನಾನು. ಹೇಳ್ದೇ ಇದ್ದಿದ್ರೆ ಹಾರಿರೋನು.”

ಕಮ್ಲಿ ತುಂಡೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಅದರ ಮುರಿದ ಮುಖದ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು:

“ಹಂಗಾದ್ರೆ ಅದು ಎಲ್ಲೈತೆ? ಅಕ್ಕ ಕೊಟ್ಟಿದ್ದು?”

“ಹೊನ್ನಾಳಿಯಲ್ಲಿ. ಹೊಳೆ ದಂಡೆ ಕೆಲಸದ ಗಾಡಿಯಲ್ಲಿ.”

“ನಾ ನೋಡ್ಬೇಕು.”

ಬೇಡ ಎಂದು ಹೇಳಿದೆ. ಅದು ಪೆಟ್ಟಿಗೆಯೊಳಗೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂದೆ. ಗಾಡೀನಾರ ಕಾಣ್ತೈತಲ್ಲ ಅಂದಳು. ಹಾಲಮ್ಮ ಒಳಗೆ ಹೋಗಿ ಸೆರಗು ಹೊದ್ದುಕೊಂಡು ಬಂದು, “ನಡೀರಿ, ನಾನೂ ಬರ್ತೀನಿ,” ಅಂದರು. ನ್ಯಾಮತಿಗೆ ಹೋಗಿ ಅಲ್ಲಿಂದ ಹೊನ್ನಾಳಿ ಬಸ್ಸು ಹತ್ತಿದೆವು. 

ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಳೆಯ ದಂಡೆಯ ಮೇಲೆ ಎತ್ತರಕ್ಕೆ ಮಣ್ಣು ಪೇರಿಸಿದ್ದರು. ಅದರ ಇಳಿಜಾರಿನಲ್ಲಿ ಗಾಡಿ ಕೆಲಸ ಮಾಡುತ್ತಿತ್ತು. ನಮ್ಮ ಗಾಡಿಯ ತದ್ರೂಪ. ಕಮ್ಲಿ ಅದನ್ನು ಕಂಡ ಕೂಡಲೇ ನಿಂತಲ್ಲೇ ನಿಂತಳು. ಆಮೇಲೆ ಒಂದು ಕಲ್ಲಿನ ಮೇಲೆ ಕೂತಳು. ಹಾಲಮ್ಮ ಅವಳ ಪಕ್ಕ ಕೂತರು. ಗಾಡಿ ತುದಿಯವರೆಗೆ ಹತ್ತಿತು, ತಿರುಗಿತು, ಮೂತಿ ಕೆಳಗೆ ಮಾಡಿ ಹೊಳೆಯ ಕಡೆಗೆ ಇಳಿಯತೊಡಗಿತು. ಹಸಿ ಮಣ್ಣು, ಕಡಿದಾದ ಇಳಿಜಾರು. ಕಮ್ಲಿಯ ಕೈ ಹಾಲಮ್ಮನ ತೋಳನ್ನು ಬಿಗಿಯಾಗಿ ಹಿಡಿಯಿತು. ಅರ್ಧ ದಾರಿಯಲ್ಲಿ ಆಪರೇಟರು ಬ್ರೇಕು ಒತ್ತಿದ. ಅಷ್ಟು ದೊಡ್ಡ ಗಾಡಿ ಗಕ್ಕನೆ ನಿಂತಿತು.

“ನಿಂತ್ತು,” ಅಂದಳು ಕಮ್ಲಿ.

ಗಾಡಿ ಮತ್ತೆ ಹತ್ತಿತು, ಮತ್ತೆ ಇಳಿಯಿತು, ಅವನು ಒತ್ತಿದಾಗಲೆಲ್ಲ ನಿಂತಿತು. ಪ್ರತಿ ಸಲವೂ ಅವಳು “ನಿಂತ್ತು” ಅನ್ನುತ್ತಿದ್ದಳು, ಯಾರಿಗೂ ಅಲ್ಲ, ತನಗೇ. ಹಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೋಗೋಣ ಎಂದು ಕರೆಯುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಕೆಲಸ ನಿಲ್ಲುವವರೆಗೂ ಹಾಗೇ ಕೂತಿದ್ದೆವು.

ಆಪರೇಟರು ಎಂಜಿನ್ ಆರಿಸಿ ಇಳಿದು, ಕೈಕಾಲು ತೊಳೆದುಕೊಂಡು, ತಲೆಗೆ ಸುತ್ತಿದ್ದ ಟವೆಲ್ಲಿನಲ್ಲಿ ಮುಖ ಒರೆಸುತ್ತ ನಮ್ಮ ಕಡೆಗೇ ಬಂದ. ಸೋಮ್ಲಾನಿಗಿಂತ ಚಿಕ್ಕ ವಯಸ್ಸು. ಅವನಿಗೆ ಏನೂ ಗೊತ್ತಿರಲಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು.

“ಯಾರನ್ನ ನೋಡಾಕೆ ಬಂದೀರಿ? ಮಧ್ಯಾಹ್ನದಿಂದ ಕುಂತೀರಿ,” ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಕಮ್ಲಿ ಎದ್ದು ನಿಂತಳು.

“ಯಾರನ್ನೂ ಇಲ್ಲಪ್ಪಾ. ನಿನ್ ಗಾಡಿ ಚೆಂದ ಇಳೀತೈತೆ, ಅದನ್ನೇ ನೋಡ್ತಾ ಕುಂತ್ವಿ.”

ಅವನಿಗೆ ಬಹಳ ಖುಷಿಯಾಯಿತು. ಗಾಡಿಯ ಕಡೆ ತಿರುಗಿ ನೋಡಿ, ಮೈಯೆಲ್ಲ ಹೆಮ್ಮೆಯಾಗಿ ನಕ್ಕ.

“ಒರಿಜಿನಲ್ ಪಿನಿಯನ್ ಹಾಕ್ಸೇವಲ್ಲಕ್ಕಾ, ಅದಕ್ಕೇ!”